ಸಂತೆಯ ಧಾರಣೆ, ಷೇರು ಪೇಟೆಯ ಆರ್ಡರ್
(ಶಾಲೆಯ ಸುವರ್ಣ ಮಹೋತ್ಸವದಲ್ಲಿ ಮಾಡಿದ ಭಾಷಣ)



ಇದೇ ಶಾಲೆಯಲ್ಲಿ ಓದಿ, ಬಿ.ಇ. ಮುಗಿಸಿ, ಈಗ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದೇನೆ. ಊರಿಗೆ ಬಂದಾಗಲೆಲ್ಲ ಹುಡುಗರು ಕೇಳುವುದು ಒಂದೇ: “ಅಣ್ಣಾ, ಯಾವ ಷೇರು ತೊಗೊಳ್ಳೋಣ?” ಅದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಆದರೆ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಮೊಬೈಲಿನಲ್ಲಿ ‘ಬೈ’ ಒತ್ತಿದಾಗ ನಾವು ಯಾವ ಮಾತಿಗೆ ಒಪ್ಪಿಗೆ ಕೊಡುತ್ತೇವೆ?

ಹೆಸರಿನಲ್ಲೇ ಸಂತೆ ಇರುವ ಊರು ನಮ್ಮದು. ವ್ಯಾಪಾರ ನಮಗೆ ಹೊಸದಲ್ಲ. ಎ.ಪಿ.ಎಂ.ಸಿ.ಗೆ ಮಾಲು ಒಯ್ದರೆ ರಾಶಿಗೆ ಲಾಟ್ ನಂಬರ್ ಬೀಳುತ್ತದೆ, ಖರೀದಿದಾರರು ಟೆಂಡರ್ ಹಾಕುತ್ತಾರೆ. ಬಂದ ಧಾರಣೆ ಮನಸ್ಸಿಗೆ ಬರದಿದ್ದರೆ ರೈತ “ಕೊಡೋದಿಲ್ಲ” ಎನ್ನಬಹುದು. ಈ ‘ಕೊಡೋದಿಲ್ಲ’ ಎಂಬ ಹಕ್ಕನ್ನು ಬಿಟ್ಟುಕೊಡುವುದೇ ಮಾರ್ಕೆಟ್ ಆರ್ಡರ್. “ಎಷ್ಟಕ್ಕಾದರೂ ಆಗಲಿ, ಈಗಲೇ ಆಗಲಿ” ಎಂದು ಹೇಳಿದ ಹಾಗೆ.

ಲೆಕ್ಕ ನೋಡೋಣ. ಒಂದು ಷೇರಿನ ಬೆಲೆ 100 ರೂಪಾಯಿ ಎಂದು ತೋರಿಸುತ್ತಿದೆ. ಅದು ಕೊನೆಯ ವ್ಯಾಪಾರ ನಡೆದ ಬೆಲೆ, ಅಷ್ಟೆ. ನಿಮಗೆ ಬೇಕಾದದ್ದು 200 ಷೇರು. ಮಾರುವವರ ಸಾಲಿನಲ್ಲಿ 100 ರೂಪಾಯಿಗೆ 50, 102ಕ್ಕೆ 50, 105ಕ್ಕೆ 100 ಷೇರುಗಳಿವೆ. ಮಾರ್ಕೆಟ್ ಆರ್ಡರ್ ಹಾಕಿದರೆ ಕಂಪ್ಯೂಟರ್ ಕಡಿಮೆ ಬೆಲೆಯಿಂದ ಶುರುಮಾಡಿ ಮೂರೂ ಸಾಲನ್ನು ಬಳಿದು ನಿಮಗೆ ಕೊಡುತ್ತದೆ. ಒಟ್ಟು 20,600 ರೂಪಾಯಿ. ನೋಡಿದ್ದು 100, ಕೊಟ್ಟದ್ದು ಸರಾಸರಿ 103. ಇದರಲ್ಲಿ ಯಾರೂ ಮೋಸ ಮಾಡಿಲ್ಲ. ಬೆಲೆ ಹೇಳದೆ ಕೊಂಡದ್ದಕ್ಕೆ ಬಿದ್ದ ದಂಡ ಅದು.

ಇದೇ 200 ಷೇರಿಗೆ “102ಕ್ಕಿಂತ ಒಂದು ಪೈಸೆ ಹೆಚ್ಚು ಕೊಡೋದಿಲ್ಲ” ಎಂದು ಹೇಳಿದರೆ ಅದು ಲಿಮಿಟ್ ಆರ್ಡರ್. ಆಗ 100 ಷೇರು ಸಿಗುತ್ತವೆ, ಉಳಿದದ್ದು ಕಾಯುತ್ತದೆ. ಸಿಗದೆಯೂ ಹೋಗಬಹುದು. ಮಾರ್ಕೆಟ್ ಆರ್ಡರಿನಲ್ಲಿ ಬೆಲೆಯ ಖಾತ್ರಿಯಿಲ್ಲ, ಲಿಮಿಟ್ ಆರ್ಡರಿನಲ್ಲಿ ಮಾಲಿನ ಖಾತ್ರಿಯಿಲ್ಲ. ಇಷ್ಟೇ ವ್ಯತ್ಯಾಸ.

ದೊಡ್ಡ ಕಂಪನಿಗಳ ಷೇರಿಗೆ ಸಾಲು ಉದ್ದ; ನಾಲ್ಕು ಷೇರು ಕೊಂಡರೆ ಪೈಸೆಗಳ ವ್ಯತ್ಯಾಸವಾದೀತು. ಅಲ್ಲಿ ಮಾರ್ಕೆಟ್ ಆರ್ಡರಿನಿಂದ ಅಪಾಯ ಕಡಿಮೆ. ಗಂಡಾಂತರ ಇರುವುದು ಗಿರಾಕಿ ಕಡಿಮೆ ಇರುವ ಸಣ್ಣ ಷೇರುಗಳಲ್ಲಿ. “ಈಗಲೇ ಕೊಳ್ಳಿ, ನಾಳೆ ಡಬಲ್” ಎಂದು ಮೊಬೈಲಿಗೆ ಸಂದೇಶ ಬರುವುದು ಹೆಚ್ಚಾಗಿ ಇಂಥವುಗಳ ಬಗ್ಗೆಯೇ. ಆ 105 ರೂಪಾಯಿಯ ಸಾಲಿನಲ್ಲಿ ಮಾರಲು ನಿಂತವನು ಸಂದೇಶ ಕಳಿಸಿದವನೇ ಆಗಿರಬಹುದು.

ಸಾಲು ಖಾಲಿಯಾದರೆ ದೊಡ್ಡ ಪೇಟೆಯೂ ಕುಸಿಯುತ್ತದೆ. 2012ರ ಅಕ್ಟೋಬರ್ 5ರಂದು ಒಂದು ಬ್ರೋಕರ್ ಸಂಸ್ಥೆಯಿಂದ ತಪ್ಪಾಗಿ ಹೋದ 650 ಕೋಟಿ ರೂಪಾಯಿಗೂ ಹೆಚ್ಚಿನ ಮಾರಾಟದ ಆರ್ಡರ್‌ಗಳು ಕೊಳ್ಳುವವರ ಸಾಲನ್ನು ನುಂಗಿಬಿಟ್ಟವು. ನೋಡನೋಡುತ್ತಿದ್ದಂತೆ ನಿಫ್ಟಿ ಶೇ. 15ರಷ್ಟು ಬಿತ್ತು, ವ್ಯಾಪಾರವನ್ನೇ ಸ್ವಲ್ಪ ಹೊತ್ತು ನಿಲ್ಲಿಸಬೇಕಾಯಿತು.

ಇನ್ನೊಂದು ಮಾತು. ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ವ್ಯವಹರಿಸಿದ ಸಾಮಾನ್ಯ ಜನರಲ್ಲಿ ನೂರಕ್ಕೆ 93 ಮಂದಿ 2021-22ರಿಂದ 2023-24ರವರೆಗಿನ ಮೂರು ವರ್ಷದಲ್ಲಿ ನಷ್ಟ ಅನುಭವಿಸಿದರು ಎಂದು ಸೆಬಿ ಹೇಳಿದೆ. ತಮ್ಮಂದಿರೇ, ಕಾಲೇಜಿನ ಫೀ, ಅಪ್ಪ ತೊಗರಿ ಮಾರಿ ತಂದ ದುಡ್ಡು, ಅಕ್ಕನ ಮದುವೆಗೆ ಕೂಡಿಟ್ಟ ದುಡ್ಡು ಅಲ್ಲಿಗೆ ಹೋಗದಿರಲಿ. ಉಳಿತಾಯದ ದುಡ್ಡಿನಲ್ಲಿ ಷೇರು ಕೊಳ್ಳುವವರು ಮೂರು ಕೆಲಸ ಮಾಡಿ: ಕೊಳ್ಳುವ, ಮಾರುವ ಸಾಲುಗಳನ್ನು ತೆರೆದು ನೋಡಿ, ನಿಮ್ಮ ಬೆಲೆಯನ್ನು ಚೀಟಿಯ ಮೇಲೆ ಬರೆದುಕೊಳ್ಳಿ, ಆ ಬೆಲೆಗೇ ಲಿಮಿಟ್ ಆರ್ಡರ್ ಹಾಕಿ.

‘ಕೃಷಿ ಜ್ಞಾನ ಪ್ರದೀಪಿಕೆ’ ಬರೆದ ಘನಮಠ ಶಿವಯೋಗಿಗಳ ಊರು ನಮ್ಮದು. ಕಸುಬನ್ನು ಅರಿತು ಮಾಡಬೇಕೆಂಬುದು ನಮಗೆ ಹೊಸ ಪಾಠವಲ್ಲ. ಸಂತೆಯಲ್ಲಿ ಬದನೆಕಾಯಿಗೂ ದರ ಕೇಳಿ ಚೀಲ ತೆರೆಯುವ ನಮ್ಮ ತಾಯಂದಿರ ಜಾಣತನ ಮೊಬೈಲ್ ಹಿಡಿದ ಕೈಗೂ ಬರಲಿ.