ಶೇಂಗಾ ಕಾಳಿನ ಸತ್ವ ಎಲ್ಲಿಂದ ಬರುತ್ತದೆ?



ಧಾರವಾಡದ ಕಡೆಯವಳಾದ ನನಗೆ ಅದು ಶೇಂಗಾ, ಬೆಂಗಳೂರಿನವರಿಗೆ ಕಡಲೇಕಾಯಿ, ಮಂಗಳೂರಿನವರಿಗೆ ನೆಲಗಡಲೆ. ಹೈದರಾಬಾದಿನ ಅಂಗಡಿಯಲ್ಲಿ ಮಾತ್ರ ಎಲ್ಲರೂ 'ಪಲ್ಲಿ' ಎಂದೇ ಕೇಳುತ್ತೇವೆ. ಹೆಸರು ನಾಲ್ಕು, ಕಾಳು ಒಂದೇ. ಆದರೆ ಎಲ್ಲ ಕಾಳಿನ ಸತ್ವವೂ ಒಂದೇ ಅಲ್ಲ.

ಶೇಂಗಾದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಎಣ್ಣೆ, ಕಾಲು ಭಾಗ ಪ್ರೋಟೀನ್ ಇರುತ್ತದೆ. ಆ ಎಣ್ಣೆ ಎಂಥದು ಎಂಬುದು ಮುಖ್ಯವಾಗಿ ತಳಿಯ ಗುಣ. ಸಾಧಾರಣ ತಳಿಗಳ ಎಣ್ಣೆಯಲ್ಲಿ ಹೃದಯಕ್ಕೆ ಹಿತವಾದ ಓಲಿಯಿಕ್ ಆಮ್ಲ ಸುಮಾರು ಶೇ. 45-50 ಇದ್ದರೆ, ಗಿರ್ನಾರ್ 4 ಮತ್ತು ಗಿರ್ನಾರ್ 5 ತಳಿಗಳಲ್ಲಿ ಅದು ಶೇ. 80ರ ಆಸುಪಾಸು. ಜುನಾಗಢದ ಶೇಂಗಾ ಸಂಶೋಧನಾ ಕೇಂದ್ರ ಮತ್ತು ಇಲ್ಲೇ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ ಸೇರಿ ಈ ತಳಿಗಳನ್ನು ರೂಪಿಸಿವೆ. ಇಂಥ ಕಾಳಿನ ಚಟ್ನಿಪುಡಿಗೆ ಬೇಗ ಕಮಟು ವಾಸನೆ ಬರುವುದಿಲ್ಲ.

ತಳಿ ಒಂದೇ ಆದರೂ ಹವೆ, ಮಣ್ಣು ಬೇರೆಯಾದರೆ ಕಾಳೂ ಬೇರೆ. ಕಾಯಿ ತುಂಬುವ ಕಾಲ ಬೆಚ್ಚಗಿದ್ದರೆ ಓಲಿಯಿಕ್ ಅಂಶ ಹೆಚ್ಚುತ್ತದೆ, ತಂಪಾಗಿದ್ದರೆ ಇಳಿಯುತ್ತದೆ. ಬೆಳೆಯುವ ಕಾಯಿ ಕ್ಯಾಲ್ಸಿಯಂ ಅನ್ನು ಬಹುಮಟ್ಟಿಗೆ ತನ್ನ ಸುತ್ತಲಿನ ಮಣ್ಣಿನಿಂದಲೇ ಹೀರಿಕೊಳ್ಳುತ್ತದೆ. ರೈತರು ಹೂ ಬಿಟ್ಟ ಹೊತ್ತಿಗೆ ಜಿಪ್ಸಂ ಹಾಕುವುದು ಇದಕ್ಕಾಗಿಯೇ. ಅದು ಸಾಲದಿದ್ದರೆ ಕಾಯಿ ಜೊಳ್ಳು.

ಚಳ್ಳಕೆರೆ, ಪಾವಗಡದಂಥ ಮಳೆ ನಂಬಿದ ಸೀಮೆಯಲ್ಲಿ ಕೊನೆಯ ವಾರಗಳಲ್ಲಿ ಮಳೆ ಕೈಕೊಟ್ಟರೆ ಕಾಳು ಸುಕ್ಕುತ್ತದೆ, ಎಣ್ಣೆ ಕಡಿಮೆಯಾಗುತ್ತದೆ. ಅದೇ ಬರದಲ್ಲಿ ಒಂದು ಜಾತಿಯ ಬೂಷ್ಟು ಹತ್ತಿ ಅಫ್ಲಾಟಾಕ್ಸಿನ್ ಎಂಬ ವಿಷ ಸೇರಬಹುದು. ಕಿತ್ತ ಮೇಲೆ ಚೆನ್ನಾಗಿ ಒಣಗಿಸದಿದ್ದರೂ ಅಷ್ಟೇ. ವರ್ಷಗಟ್ಟಲೆ ಹೊಟ್ಟೆಗೆ ಹೋದರೆ ಅದು ಯಕೃತ್ತಿನ ಕ್ಯಾನ್ಸರಿಗೆ ದಾರಿ.

ತಳಿ ರೈತನ ಕೈಯಲ್ಲಿ, ಮಳೆ ದೇವರ ಕೈಯಲ್ಲಿ. ನಮ್ಮ ಕೈಯಲ್ಲಿರುವುದು ಮೊರ. ದಪ್ಪ ಕಾಳನ್ನು ಹೋಳಿಗೆಗೆ ಆರಿಸಿಟ್ಟು, ಸುಕ್ಕಿದ, ಕಪ್ಪಾದ ಕಾಳನ್ನು "ಯಾಕೆ ಚೆಲ್ಲಬೇಕು, ಹುರಿದರಾಯ್ತು" ಎಂದು ಚಟ್ನಿಪುಡಿಗೆ ಹಾಕುವ ರೂಢಿ ಎಷ್ಟೋ ಮನೆಗಳಲ್ಲಿದೆ. ಹುರಿದರೂ ಆ ವಿಷ ಪೂರ್ತಿ ಹೋಗುವುದಿಲ್ಲ. ಅದೇ ಪುಡಿ ಮಕ್ಕಳ ಊಟದ ಡಬ್ಬಿ ಸೇರುತ್ತದೆ. ಅನ್ನ ಚೆಲ್ಲಬಾರದೆಂದು ಕಲಿತು ಬೆಳೆದವರು ನಾವು, ನಿಜ. ಆದರೆ ಬೂಷ್ಟು ಹತ್ತಿದ ಕಾಳು ಅನ್ನವಲ್ಲ.

ಆದ್ದರಿಂದ ಸ್ವಲ್ಪ ಸ್ವಲ್ಪವೇ ತನ್ನಿ, ಆರಿಸಿ, ಒಣಗಿದ ಡಬ್ಬಿಯಲ್ಲಿಡಿ. ಬಾಯಿಗೆ ಕಹಿ ಕಾಳು ಸಿಕ್ಕರೆ ನುಂಗದೆ ಉಗುಳಿಬಿಡಿ. ಕೆಟ್ಟ ಕಾಳನ್ನು ಹಿಂಜರಿಯದೆ ಎಸೆಯಿರಿ. ಒಂದು ಹಿಡಿ ಕಾಳು ಹೋದರೆ ಹೋಗಲಿ.