ಕಾಯಿಸದೆ ಹಾಲು ಉಳಿದೀತೆ?



“ಕಾಯಿಸದನ ಹಾಲು ಉಳಿಸಾಕ ಬರೂದಿಲ್ಲೇನ್ರಿ?” ಎಂದು ನಮ್ಮ ಸದಸ್ಯರು ಕೇಳುವುದುಂಟು. ಬಾದಾಮಿ ಬನಶಂಕರಿಯಲ್ಲಿ ಗಡಿಗೆಯ ಮೊಸರು ಉಂಡವರು ನಾವೆಲ್ಲ. ಹುಳಿಯಿಂದ ಅದು ಬೇಗ ಕೆಡದು, ನಿಜ. ಆದರೆ ಹೆಪ್ಪು ಹಾಕುವುದು ಕಾಯಿಸಿದ ಹಾಲಿಗೇ ಅಲ್ಲವೆ?

ಪರದೇಶಗಳಲ್ಲಿ ಅತಿ ಸೂಕ್ಷ್ಮ ಜರಡಿಯಿಂದ ಹಾಲು ಸೋಸಿ ರೋಗಾಣು ಬೇರ್ಪಡಿಸುತ್ತಾರೆ. ಭಾರೀ ಒತ್ತಡದಿಂದ ರೋಗಾಣು ಕೊಂದ ಹಾಲು 2016ರಲ್ಲಿ ಆಸ್ಟ್ರೇಲಿಯಾದ ಪೇಟೆಗೆ ಬಂತು. ಇವು ದೊಡ್ಡ ಯಂತ್ರಗಳ ಮಾತು. ಹಾಗಂತ ಕ್ಯಾನಿಗೆ ಸೋಡಾ, ಪೆರಾಕ್ಸೈಡ್ ಹಾಕಿದರೆ ಅದು ಉಪಾಯವಲ್ಲ, ಕಲಬೆರಕೆ, ಕಾನೂನಿನಂತೆ ಅಪರಾಧ.

ಹುನಗುಂದ, ಇಳಕಲ್ಲಿನ ಬಿಸಿಲಿನಲ್ಲಿ ನಮ್ಮ ಕೈಯಲ್ಲಿರುವುದು ಇಷ್ಟು: ತೊಳೆದ ಕೆಚ್ಚಲು, ತೊಳೆದ ಕೈ, ಒಣಗಿದ ಸ್ಟೀಲ್ ಪಾತ್ರೆ. ಹಿಂಡಿದ ಕೂಡಲೇ ಹಾಲು ಸಂಘಕ್ಕೆ ಬರಲಿ, ಬೇಗನೆ 4 ಡಿಗ್ರಿಗೆ ತಂಪಾಗಲಿ. ಒಬ್ಬರ ಚರಿಗೆಯ ಕೆಟ್ಟ ಹಾಲು ಇಡೀ ಕ್ಯಾನು ಒಡೆಸುತ್ತದೆ.

ಆದರೂ ತಂಪು ರೋಗಾಣುವನ್ನು ತಡೆಯುತ್ತದೆ, ಕೊಲ್ಲುವುದಿಲ್ಲ. ಕ್ಷಯ, ದನ ಕಂದು ಹಾಕುವ ಬ್ರುಸೆಲ್ಲಾ ರೋಗ ಹಸಿ ಹಾಲಿನಿಂದ ಮನುಷ್ಯರಿಗೂ ತಗಲುತ್ತವೆ. ಡೇರಿಯಲ್ಲಿ 72 ಡಿಗ್ರಿಗೆ 15 ಸೆಕೆಂಡು ಕಾಯಿಸುವುದು ಅದಕ್ಕೇ. ಮನೆಯಲ್ಲಿ ನಾವು ಕುದಿಸಿಯೇ ಕುಡಿಯೋಣ.

ಸಂಘ ನಮ್ಮದು, ಹಾಲು ನಮ್ಮದು, ಕುಡಿಯುವ ಮಕ್ಕಳೂ ನಮ್ಮವರೇ.