ಅಫೀಮಿನ ವ್ಯಸನವೂ ದೂರವಾಣಿಯ ವೈದ್ಯವೂ

ಗಸಗಸೆಯ ಪಾಯಸವನ್ನು ಕುಡಿಯದ ಕನ್ನಡಿಗರು ಕಡಮೆ. ಹಬ್ಬದ ಊಟದ ಮೇಲೆ ಕಣ್ಣಿಗೆ ಜೊಂಪು ಹತ್ತಿದರೆ "ಅದು ಗಸಗಸೆಯ ಗುಣ" ಎಂದು ನಕ್ಕು, ಚಾಪೆ ಹಾಸಿ ಮಲಗುತ್ತೇವೆ. ಬೀಜದಲ್ಲಿ ಅಮಲು ಇಲ್ಲವೆನ್ನುವಷ್ಟು ಅಲ್ಪ. ಆದರೆ ಆ ಬೀಜವನ್ನು ಹೊತ್ತ ಹಸಿಯ ಕಾಯಿಯನ್ನು ಗೀರಿದಾಗ ಒಸರುವ ಹಾಲಿದೆಯಲ್ಲ, ಅದೇ ಅಫೀಮು. ಹತ್ತೊಂಬತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಸರ್ಟ್ಯುರ್ನರ್ ಎಂಬ ಜರ್ಮನ್ ಔಷಧಿಕಾರನು ಅದರ ಸಾರವನ್ನು ಬೇರ್ಪಡಿಸಿದನು. ಅದಕ್ಕೆ ಮಾರ್ಫಿನ್ ಎಂದು ಹೆಸರಾಯಿತು. ಅರ್ಬುದ ರೋಗದ ಅಸಹನೀಯ ನೋವಿಗೆ ಇಂದಿಗೂ ಅದು ದೊಡ್ಡ ಆಸರೆ. 1898ರಲ್ಲಿ ಬೇಯರ್ ಕಂಪನಿಯವರು ಅದರಿಂದ ಮಾಡಿದ ಇನ್ನೊಂದು ವಸ್ತುವನ್ನು ಕೆಮ್ಮಿನ ಔಷಧವೆಂದು ಮಾರತೊಡಗಿದರು. ಅದರ ಹೆಸರು ಹೆರಾಯಿನ್. ಇಂದು ಇದೇ ಕುಲಕ್ಕೆ ಸೇರಿದ ಟ್ರಮಡಾಲ್, ಟಪೆಂಟಡಾಲ್ ಮುಂತಾದ ನೋವಿನ ಮಾತ್ರೆಗಳೂ ಇವೆ. ಟ್ರಮಡಾಲನ್ನು 2018ರಲ್ಲಿ ಮಾದಕ ವಸ್ತುಗಳ ಕಾಯಿದೆಯ ಕಟ್ಟಿಗೆ ತರಬೇಕಾಯಿತು. ಈ ಕುಲವನ್ನೆಲ್ಲ ಒಟ್ಟಾಗಿ ಓಪಿಯಾಯ್ಡ್ ಎನ್ನುತ್ತಾರೆ.

ಇದು ಯಾವುದೋ ದೂರದ ನಗರದ ಮಾತು, ನಮಗೇಕೆ ಎಂದು ತಾವು ಕೇಳಬಹುದು. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಅಖಿಲ ಭಾರತ ವೈದ್ಯ ವಿಜ್ಞಾನ ಸಂಸ್ಥೆಯವರು ಸಮೀಕ್ಷೆ ನಡೆಸಿ 2019ರಲ್ಲಿ ವರದಿಯನ್ನು ಪ್ರಕಟಿಸಿದರು. ಅದರಂತೆ ದೇಶದಲ್ಲಿ ಈ ವಸ್ತುಗಳಿಂದ ಹಾನಿಗೊಳಗಾದವರೂ ಅವಕ್ಕೆ ಅಧೀನರಾದವರೂ ಸೇರಿ ಸುಮಾರು 77 ಲಕ್ಷ ಮಂದಿ. ಸೂಜಿಯಿಂದ ಮಾದಕವನ್ನು ಚುಚ್ಚಿಕೊಳ್ಳುವವರು ಸುಮಾರು 8.5 ಲಕ್ಷ. ಅಕ್ರಮ ಮಾದಕಗಳಿಗೆ ಅಧೀನರಾದ ಇಪ್ಪತ್ತು ಜನರಲ್ಲಿ ಒಬ್ಬನಿಗೆ ಮಾತ್ರ ಆಸ್ಪತ್ರೆಯಲ್ಲಿ ಒಳರೋಗಿಯಾಗಿ ಚಿಕಿತ್ಸೆ ದೊರೆತಿತ್ತು. ಉಳಿದ ಹತ್ತೊಂಬತ್ತು ಮಂದಿ ಎಲ್ಲಿದ್ದರು? ಮನೆಯಲ್ಲಿಯೇ ಇದ್ದರು. ಇಂದಿನ ಮಾತು ಅವರ ಮನೆಯವರನ್ನು ಕುರಿತದ್ದು.

ಚಾಮರಾಜನಗರದ ಬಳಿಯ ಹರದನಹಳ್ಳಿಯನ್ನು ತೆಗೆದುಕೊಳ್ಳೋಣ. ದಿವ್ಯಲಿಂಗೇಶ್ವರನ ಗುಡಿಯಿಂದ ಹೆಸರಾದ ಊರು. ಅಲ್ಲಿ ಇಂಥ ರೋಗವಿದೆಯೆಂದು ನಾನು ಹೇಳುತ್ತಿಲ್ಲ. ಯಾವ ಊರಿನಲ್ಲಿ ಬೇಕಾದರೂ ಬರಬಹುದಾದ ಸಂಗತಿಯನ್ನು ಒಂದು ಊರಿನಲ್ಲಿಟ್ಟು ನೋಡೋಣ, ಅಷ್ಟೆ. ಹೊರ ಊರಿಗೆ ದುಡಿಯಲು ಹೋದ ಹುಡುಗನೊಬ್ಬ ಬೆನ್ನುನೋವಿಗೆಂದು ಮಾತ್ರೆ ನುಂಗತೊಡಗಿ, ಈಗ ಅದಿಲ್ಲದೆ ನಿಲ್ಲಲಾರ. ಬಿಟ್ಟ ಒಂದು ದಿನದೊಳಗೆ ಆಕಳಿಕೆ, ಕಣ್ಣು ಮೂಗುಗಳಲ್ಲಿ ನೀರು, ಮೈಕೈ ಮುರಿತ, ಭೇದಿ, ನಿದ್ರೆಯಿಲ್ಲದ ರಾತ್ರಿ. ಮನೆಯವರು ಏನು ಮಾಡುತ್ತಾರೆ? ಕೋಣೆಯಲ್ಲಿ ಕೂಡಿಹಾಕುತ್ತಾರೆ. ಹತ್ತು ದಿನ ಕಳೆದು ಹುಡುಗ ಗೆಲುವಾಗುತ್ತಾನೆ. "ಗೆದ್ದೆವು" ಎಂದು ಬಾಗಿಲು ತೆರೆಯುತ್ತಾರೆ.

ನಿಜವಾದ ಅಪಾಯವಿರುವುದು ಈ ತೆರೆದ ಬಾಗಿಲಿನಲ್ಲಿ. ಅದೇಕೆಂದರೆ, ಹತ್ತು ದಿನಗಳಲ್ಲಿ ಮೈ ಆ ಮಾದಕವನ್ನು ತಾಳಿಕೊಳ್ಳುವ ಅಭ್ಯಾಸವನ್ನು ಕಳೆದುಕೊಂಡಿರುತ್ತದೆ. ಆದರೆ ಮನಸ್ಸಿನ ಹಂಬಲ ಮಾತ್ರ ಹಾಗೆಯೇ ಉಳಿದಿರುತ್ತದೆ. ಯಾವುದೋ ಒಂದು ಸಂಜೆ ಹಳೆಯ ಗೆಳೆಯ ಸಿಕ್ಕುತ್ತಾನೆ. ಹುಡುಗ ಮೊದಲಿನ ಅಳತೆಯನ್ನೇ ತೆಗೆದುಕೊಳ್ಳುತ್ತಾನೆ. ಅಂದು ಸಹಿಸಿದ ಅಳತೆಯನ್ನು ಇಂದು ಮೈ ಸಹಿಸದು. ಉಸಿರು ನಿಧಾನವಾಗಿ ನಿಂತುಹೋಗುತ್ತದೆ. ಬಲವಂತದ ಉಪವಾಸದಿಂದ ಹೊರಬಂದವನೇ ಹೆಚ್ಚು ಅಪಾಯದಲ್ಲಿರುವವನು ಎಂಬುದು ಈ ರೋಗದ ವಿಚಿತ್ರ.

ಆದುದರಿಂದಲೇ ವೈದ್ಯರು ಬೇರೊಂದು ದಾರಿಯನ್ನು ಹಿಡಿದರು. 1960ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಡೋಲ್ ಮತ್ತು ನೈಸ್ವಾಂಡರ್ ಎಂಬ ವೈದ್ಯರಿಬ್ಬರು ಹೆರಾಯಿನ್ ವ್ಯಸನಿಗಳಿಗೆ ಮೆಥಡೋನ್ ಎಂಬ ಔಷಧವನ್ನು ದಿನವೂ ಕೊಟ್ಟು, ಅವರು ಮತ್ತೆ ಕೆಲಸಕ್ಕೆ, ಸಂಸಾರಕ್ಕೆ ಹಿಂತಿರುಗುವುದನ್ನು ತೋರಿಸಿದರು. ನಮ್ಮ ದೇಶದಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಬ್ಯುಪ್ರೆನಾರ್ಫಿನ್, ಅಂದರೆ ನಾಲಗೆಯ ಕೆಳಗೆ ಇಟ್ಟು ಕರಗಿಸುವ ಮಾತ್ರೆ. ಮಿದುಳಿನಲ್ಲಿ ಅಫೀಮಿಗೆಂದೇ ಒಂದು ಬೀಗವಿದೆಯೆಂದುಕೊಳ್ಳಿ. ಹೆರಾಯಿನ್ ಅದನ್ನು ಪೂರ್ತಿ ತಿರುಗಿಸುವ ಕೀಲಿಕೈ. ಬ್ಯುಪ್ರೆನಾರ್ಫಿನ್ ಅದೇ ಬೀಗದಲ್ಲಿ ಬಿಗಿಯಾಗಿ ಕುಳಿತು, ಅರ್ಧ ಮಾತ್ರ ತಿರುಗುತ್ತದೆ. ನರಳಾಟ ನಿಲ್ಲುತ್ತದೆ, ಅಮಲು ಏರುವುದಿಲ್ಲ, ಬೇರೆ ಕೀಲಿಗೆ ಒಳಗೆ ಜಾಗವಿರುವುದಿಲ್ಲ. 2007ರಿಂದೀಚೆಗೆ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದ ಭಾಗವಾಗಿ ಸೂಜಿ ಚುಚ್ಚಿಕೊಳ್ಳುವವರಿಗೆ ಈ ಔಷಧವನ್ನು ಸರ್ಕಾರವೇ ಕೊಡುತ್ತ ಬಂದಿದೆ. ಜೊತೆಗೆ ಹೊಸ ಸೂಜಿಗಳನ್ನೂ ಕೊಡುತ್ತದೆ. ಒಬ್ಬನ ಸೂಜಿಯನ್ನು ಇನ್ನೊಬ್ಬ ಬಳಸಿದರೆ ಹೆಚ್.ಐ.ವಿ.ಯೂ ಯಕೃತ್ತಿನ ಹೆಪಟೈಟಿಸ್-ಸಿ ರೋಗವೂ ಹರಡುತ್ತವೆ. ಇಂಥ ಕೆಲಸಕ್ಕೆ ಹಾನಿ ತಗ್ಗಿಸುವ ಕ್ರಮವೆಂದು ಹೆಸರು.

"ಕಳ್ಳನ ಕೈಗೇ ಬೀಗದ ಕೈ ಕೊಟ್ಟಂತಾಯಿತಲ್ಲ" ಎಂದು ಹಿರಿಯರು ಮೂಗು ಮುರಿಯುವುದು ಸಹಜ. ಆ ಆಕ್ಷೇಪಣೆಯನ್ನು ನಾನು ತಳ್ಳಿಹಾಕುವುದಿಲ್ಲ. ಒಂದು ಪ್ರಶ್ನೆಯನ್ನು ಮಾತ್ರ ಕೇಳುತ್ತೇನೆ. ಸಕ್ಕರೆ ಕಾಯಿಲೆಯವನು ದಿನವೂ ಇನ್ಸುಲಿನ್ ಚುಚ್ಚಿಕೊಳ್ಳುತ್ತಾನೆ. ಅವನನ್ನು ಇನ್ಸುಲಿನ್ ಚಟದವನೆಂದು ಯಾರಾದರೂ ಹೀಗಳೆಯುತ್ತೇವೆಯೆ? ಪೂರ್ತಿ ಬಿಡುವ ದಿನ ಬರಲಿ. ಆದರೆ ಆ ದಿನದವರೆಗೆ ಮನುಷ್ಯ ಬದುಕಿರಬೇಡವೇ? ಸತ್ತವನು ಯಾವ ಚಟವನ್ನೂ ಬಿಡಲಾರ.

ಇಷ್ಟೆಲ್ಲ ಸರಿ, ಈ ವಿಷಯ ಬಲ್ಲ ವೈದ್ಯ ಎಲ್ಲಿದ್ದಾನೆ? ಬೆಂಗಳೂರಿನ ನಿಮ್ಹಾನ್ಸಿನಲ್ಲಿ ಇದ್ದಾನೆ. ಹರದನಹಳ್ಳಿಯಿಂದ ಅಲ್ಲಿಗೆ ಹೋಗಿಬರುವುದೆಂದರೆ ಒಂದು ದಿನದ ಕೂಲಿ, ಬಸ್ಸಿನ ಹಣ, ಮೇಲಾಗಿ "ಎಲ್ಲಿಗೆ ಹೊರಟಿರಿ?" ಎಂದು ಕೇಳುವವರಿಗೆ ಹೇಳಬೇಕಾದ ಸುಳ್ಳು. ಎರಡು ಬಾರಿ ಹೋಗಿ, ಮೂರನೆಯ ಬಾರಿಗೆ ನಿಂತುಬಿಡುತ್ತಾರೆ.

ಇಲ್ಲಿಯೇ ದೂರವಾಣಿ ನೆರವಿಗೆ ಬರುತ್ತದೆ. ದನಿಯನ್ನು ದೂರಕ್ಕೆ ಕಳುಹಿಸುವ ಕೆಲಸ ನಮ್ಮ ಸೀಮೆಗೆ ಹೊಸದಲ್ಲ. 1935ರ ಸೆಪ್ಟೆಂಬರ್ 10ರಂದು ಮೈಸೂರಿನಲ್ಲಿ, ತಮ್ಮ ಮನೆಯಿಂದಲೇ, ಆಕಾಶವಾಣಿಯನ್ನು ಆರಂಭಿಸಿದ ಎಂ. ವಿ. ಗೋಪಾಲಸ್ವಾಮಿಯವರು ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಅಧ್ಯಾಪಕರಾಗಿದ್ದರು. ಆದರೆ ರೇಡಿಯೋ ಹೇಳುತ್ತದೆ, ಕೇಳುವುದಿಲ್ಲ. ವೈದ್ಯನಾದವನು ಕೇಳಬೇಕು.

ಕೇಳುವ ಏರ್ಪಾಡು ಎರಡು ಬಗೆ. ಮೊದಲನೆಯದು, ವೈದ್ಯನಿಗೆ ವೈದ್ಯನ ನೆರವು. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಸಂಜೀವ್ ಅರೋರಾ ಎಂಬ ಭಾರತ ಮೂಲದ ವೈದ್ಯರು 2003ರಲ್ಲಿ ಹೆಪಟೈಟಿಸ್-ಸಿ ರೋಗಿಗಳಿಗಾಗಿ ಇಕೋ ಎಂಬ ಪದ್ಧತಿಯನ್ನು ತೊಡಗಿದರು: ರೋಗಿಯನ್ನು ತಜ್ಞನ ಬಳಿಗೆ ಕರೆತರುವ ಬದಲು, ತಜ್ಞನ ತಿಳಿವನ್ನು ಹಳ್ಳಿಯ ವೈದ್ಯನ ಬಳಿಗೆ ಕಳುಹಿಸುವುದು. ನಿಮ್ಹಾನ್ಸಿನವರು 2014ರಲ್ಲಿ ಇದನ್ನು ಮಾನಸಿಕ ರೋಗ ಮತ್ತು ವ್ಯಸನಗಳಿಗೆ ಅಳವಡಿಸಿಕೊಂಡರು. ಜಿಲ್ಲೆಗಳ ವೈದ್ಯರು ಗೊತ್ತಾದ ಹೊತ್ತಿಗೆ ಪರದೆಯ ಮುಂದೆ ಸೇರಿ, ರೋಗಿಯ ಹೆಸರನ್ನು ಮರೆಮಾಡಿ, ತಮ್ಮ ಕಷ್ಟವನ್ನು ಮುಂದಿಡುತ್ತಾರೆ. ತಜ್ಞರು ಸಲಹೆ ಕೊಡುತ್ತಾರೆ, ಉಳಿದವರೂ ಕಲಿಯುತ್ತಾರೆ. ಎರಡನೆಯದು, ಜನರಿಗೇ ನೇರವಾದ ನೆರವು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್‌ನ ಸಂಖ್ಯೆ 14416. ಹಗಲೂ ರಾತ್ರಿಯೂ, ಕಾಸಿಲ್ಲದೆ, ಕನ್ನಡದಲ್ಲಿಯೇ ಮಾತನಾಡಬಹುದು. ಮಾದಕ ವ್ಯಸನಕ್ಕೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446.

ಹಾಗಾದರೆ ಔಷಧವೂ ದೂರವಾಣಿಯಲ್ಲೇ ಬರುವುದೇ? ಇಲ್ಲ. 2020ರ ಮಾರ್ಚ್ 25ರಂದು ಹೊರಬಂದ ದೂರವೈದ್ಯದ ನಿಯಮಾವಳಿಯು, 1985ರ ಮಾದಕ ವಸ್ತುಗಳ ಕಾಯಿದೆಯ ಪಟ್ಟಿಯಲ್ಲಿರುವ ಔಷಧಗಳನ್ನು ದೂರದಿಂದ ಬರೆದುಕೊಡಬಾರದೆಂದು ವಿಧಿಸಿದೆ. ಬ್ಯುಪ್ರೆನಾರ್ಫಿನ್ ಅದರಲ್ಲಿ ಸೇರಿದೆ. ಅದೇ ತಿಂಗಳು ಅಮೆರಿಕದ ಸರ್ಕಾರ, ಕೋವಿಡ್ ಕಾರಣದಿಂದ, ರೋಗಿಯನ್ನು ಎದುರಿಗೆ ನೋಡದೆ ದೂರವಾಣಿಯಲ್ಲೇ ಈ ಔಷಧವನ್ನು ಆರಂಭಿಸಲು ಅನುಮತಿ ಕೊಟ್ಟಿತು. ಅಲ್ಲಿ ಸೂಜಿ ಬದಲಾಯಿಸಿಕೊಡುವ ಕೇಂದ್ರಗಳಲ್ಲಿಯೇ, ವ್ಯಸನಿಗೆ ಪರಿಚಯವಿದ್ದ ಕಾರ್ಯಕರ್ತರು ಒಂದು ಮೂಲೆಯಲ್ಲಿ ಕುರ್ಚಿ ಹಾಕಿ, ಪರದೆಯ ಮೇಲೆ ವೈದ್ಯನನ್ನು ಕೂಡಿಸಿದರು. ಆಸ್ಪತ್ರೆಯ ಮೆಟ್ಟಲು ಹತ್ತಲು ಹೆದರುವವನು ಆ ಕುರ್ಚಿಯಲ್ಲಿ ಕೂರಲು ಹೆದರಲಿಲ್ಲ. ನಾವು ಅವರಿಂದ ಕಲಿಯಬೇಕಾದದ್ದು ಪರದೆಯನ್ನಲ್ಲ, ಆ ಕುರ್ಚಿಯನ್ನು.

ನಮ್ಮ ನಿಯಮದಲ್ಲಿಯೂ ಒಂದು ವಿವೇಕವಿಲ್ಲದಿಲ್ಲ. ಈ ಮಾತ್ರೆ ಕಳ್ಳದಾರಿ ಹಿಡಿಯಬಲ್ಲದು. ಅಲ್ಲದೆ, ಮೈಯಲ್ಲಿ ಹೆರಾಯಿನ್ ಇರುವಾಗಲೇ ಇದನ್ನು ಕೊಟ್ಟರೆ ನರಳಾಟ ಒಮ್ಮೆಲೇ ಭುಗಿಲೇಳುತ್ತದೆ. ಆಕಳಿಕೆ, ಕಣ್ಣೀರು, ನಾಡಿ, ಕಣ್ಣಿನ ಪಾಪೆ ಇವನ್ನು ನೋಡಿ ಹೊತ್ತು ಗೊತ್ತುಮಾಡಬೇಕು. ಆದುದರಿಂದ ಕೆಲಸವನ್ನು ಹಂಚಿಕೊಳ್ಳಬೇಕು. ಪರೀಕ್ಷೆಯೂ ಮಾತ್ರೆಯೂ ಹತ್ತಿರದ ಅಧಿಕೃತ ಕೇಂದ್ರದಲ್ಲಿ, ವೈದ್ಯನ ಮತ್ತು ದಾದಿಯ ಕಣ್ಣೆದುರಿನಲ್ಲಿ. ತಜ್ಞನ ಸಲಹೆ, ವಾರವಾರದ ವಿಚಾರಣೆ, ಮನೆಯವರೊಡನೆ ಮಾತು, ಜಾರಿಬಿದ್ದ ದಿನದ ಸಮಾಧಾನ, ಇವೆಲ್ಲ ತಂತಿಯ ಮೇಲೆ. ಕೇಂದ್ರವಿದ್ದರೆ ತಂತಿ ಅದನ್ನು ಇಮ್ಮಡಿ ಮಾಡುತ್ತದೆ. ಕೇಂದ್ರವೇ ಇಲ್ಲದಿದ್ದರೆ ತಂತಿ ಬರಿಯ ಮಾತಾಗುತ್ತದೆ. ಜಿಲ್ಲೆಜಿಲ್ಲೆಗಳಲ್ಲಿ ನಾವು ಕೇಳಿ ಪಡೆಯಬೇಕಾದದ್ದು ಇದನ್ನು.

ಇನ್ನು ಗುಟ್ಟಿನ ಮಾತು. ಎರಡು ಅಂಕಣದ ಮನೆಯಲ್ಲಿ, ಎಲ್ಲರಿಗೂ ಒಂದೇ ದೂರವಾಣಿಯಿರುವಲ್ಲಿ, ಅತ್ತೆಯೂ ತಂಗಿಯೂ ಕಿವಿಗೊಟ್ಟಿರುವಾಗ ಹುಡುಗ ವೈದ್ಯನಿಗೆ ನಿಜ ಹೇಳಿಯಾನೇ? ಮಾತನಾಡುವ ಅರ್ಧ ಗಂಟೆ ಅವನನ್ನು ಹಿತ್ತಿಲಿಗೋ ಮಾಳಿಗೆಗೋ ಒಂಟಿಯಾಗಿ ಬಿಡಿ. ರೋಗಿಯ ಗುಟ್ಟನ್ನು ಕಾಪಾಡಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯಿದೆ ಹೇಳುತ್ತದೆ; ಮಾದಕ ವ್ಯಸನಕ್ಕೆ ಸಂಬಂಧಿಸಿದ ಮಾನಸಿಕ ಅವಸ್ಥೆಗಳೂ ಅದರಲ್ಲಿ ಸೇರಿವೆ. ಪೋಲೀಸರ ಭಯವೂ ಇರುತ್ತದೆ. ತಾನು ಸೇವಿಸಿದ್ದಕ್ಕಾಗಿ ಅಥವಾ ಅಲ್ಪ ಪ್ರಮಾಣ ಇಟ್ಟುಕೊಂಡದ್ದಕ್ಕಾಗಿ ಆಪಾದನೆಗೊಳಗಾದ ವ್ಯಸನಿಯು ತಾನಾಗಿಯೇ ಸರ್ಕಾರ ಮಾನ್ಯಮಾಡಿದ ಸಂಸ್ಥೆಯಲ್ಲಿ ಚಿಕಿತ್ಸೆಗೆ ಬಂದರೆ, 1985ರ ಕಾಯಿದೆಯ 64-ಎ ವಿಧಿ ಅವನಿಗೆ ರಕ್ಷಣೆ ಕೊಡುತ್ತದೆ. ಆ ಚಿಕಿತ್ಸೆಯನ್ನು ಪೂರೈಸಬೇಕೆಂಬುದು ಮಾತ್ರ ನಿಬಂಧನೆ.

ಕೊನೆಯದಾಗಿ ಎರಡು ಮಾತನ್ನು ಮನೆಯಲ್ಲಿ ಎಲ್ಲರೂ ನೆನಪಿನಲ್ಲಿಡಿ. ಎಬ್ಬಿಸಿದರೂ ಏಳದೆ, ಉಸಿರು ನಿಧಾನವಾಗಿ, ತುಟಿ ನೀಲಿಗಟ್ಟಿ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕಿರಿದಾಗಿದ್ದರೆ ಅದು ನಿದ್ದೆಯಲ್ಲ. ಬೆಳಗಾಗಲೆಂದು ಕಾಯಬೇಡಿ. ಮಗ್ಗುಲಾಗಿ ಮಲಗಿಸಿ, ಕೂಡಲೇ 108ಕ್ಕೆ ಕರೆಮಾಡಿ, ಏನು ಸೇವಿಸಿದ್ದನೆಂಬುದನ್ನು ಮುಚ್ಚಿಡದೆ ಹೇಳಿ. ನಲಾಕ್ಸೋನ್ ಎಂಬ ಚುಚ್ಚುಮದ್ದು ಆ ಉಸಿರನ್ನು ಮರಳಿಸಬಲ್ಲದು. ಆದರೆ ವೈದ್ಯನಿಗೆ ನಿಜ ತಿಳಿದಿರಬೇಕು.

ಇನ್ನೊಂದು, ಚಿಕಿತ್ಸೆಯಲ್ಲಿರುವವನು ಒಮ್ಮೆ ಎಡವಿದನೆಂದು ಔಷಧವನ್ನೇ ನಿಲ್ಲಿಸುವುದು ನೆಗಡಿಗೆ ಮೂಗು ಕೊಯ್ದುಕೊಂಡಂತೆ. ಎಡವಿದ ದಿನವೇ ಅವನಿಗೆ ಮನೆಯ ಬಾಗಿಲು ಹೆಚ್ಚು ಬೇಕು. ಬೆಂಗಳೂರಿನ ವೈದ್ಯನ ದನಿ ಹರದನಹಳ್ಳಿಗೆ ಬಂದು ಮುಟ್ಟಿದರೂ, ಆ ರಾತ್ರಿ "ಊಟ ಮಾಡಿದೆಯಾ?" ಎಂದು ಕೇಳಬೇಕಾದವರು ಮನೆಯಲ್ಲಿರುವ ನೀವೇ.